ಹೆಣ್ಣಿಗಾಗಿ ಕಾದ ಭರಣಿ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಚೀನಿ ಭರಣಿಗೆ. ನಾನು ಜ್ವರ ಬಂದು ಮಲಗಿದರೂ ಹೆಂಡತಿ ಹುಸೇನಬಿ ಮೊದಲು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಗಿಯಾಗಿದೆಯೇ ನೋಡಿ, ಆಮೇಲೆ ನನ್ನ ಹಣೆ ಮುಟ್ಟುತ್ತಾಳೆ. ದೂರಿ ಪ್ರಯೋಜನವಿಲ್ಲ. ಅದರೊಳಗಿನ ಲಿಂಬೆ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ. ನನ್ನ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಕಂದು ಬಣ್ಣ, ಸೊಂಟದೆತ್ತರ, ಹೊಟ್ಟೆಯ ಸುತ್ತ ಉಬ್ಬಿದ ಒಂದು ಪ್ರಾಣಿ. ನಾವು ಅದನ್ನು ಹಲ್ಲಿ ಎನ್ನುತ್ತಲೇ ಬಂದವರು. ಶಾಲೆಗೆ ಹೋಗುವ ಮೊಮ್ಮಗ, ಅದು ಬೆಂಕಿ ಉಗುಳುವ ಚೀನಾದ ಸರ್ಪ ಎಂದ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ತಿಂದವರು ಬೆಂಕಿ ಉಗುಳುವುದಿಲ್ಲ; ಹಾಗಾಗಿ ಆ ಪ್ರಾಣಿ ಈ ಊರಿನದಲ್ಲ ಎಂಬುದನ್ನು ಒಪ್ಪಿಕೊಂಡೆ. ಹುಸೇನಬಿಯ ಹಿರಿಯರು ಅರಳೆ ಹೇರಿಕೊಂಡು ಕುಮಟಾ ಬಂದರಿಗೆ ಗಾಡಿ ಹೊಡೆಯುತ್ತಿದ್ದರಂತೆ. ಅಲ್ಲಿ ಹಡಗಿನವರಿಂದ ಇದನ್ನು ಕೊಂಡು ತಂದರಂತೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಚೀನಾ ಎಲ್ಲಿದೆ ಎಂದು ಕೇಳಿದರೆ ಕುಮಟಾದ ಆಚೆ ಎನ್ನುತ್ತೇನೆ. ಅದು ತಪ್ಪೂ ಅಲ್ಲ.

ಈ ಭರಣಿ ಗಂಡುಮಕ್ಕಳಿಗೆ ಸಲ್ಲುವುದಿಲ್ಲ. ತಾಯಿಯಿಂದ ಕಿರಿಯ ಮಗಳಿಗೆ, ಮಗಳಿಲ್ಲದಿದ್ದರೆ ಮೊಮ್ಮಗಳಿಗೆ, ಅವಳ ಮದುವೆಯ ದಿನ, ಉಪ್ಪಿನಕಾಯಿ ತುಂಬಿಕೊಂಡೇ ಹೋಗಬೇಕು. ಹಾಗೆ ಹುಸೇನಬಿಯ ತವರು ಮೋಟೆಬೆನ್ನೂರಿನಿಂದ ನಮ್ಮ ಮನೆಗೆ ಬಂದದ್ದು ಇಲ್ಲಿಯೇ ಸಿಕ್ಕಿಬಿತ್ತು. ನಮಗೆ ಹುಟ್ಟಿದ್ದೆಲ್ಲ ಗಂಡು, ಆ ಗಂಡುಮಕ್ಕಳಿಗೆ ಹುಟ್ಟಿದ್ದೂ ಗಂಡು. ಊರವರು ನಮ್ಮ ಪುಣ್ಯವನ್ನು ಹೊಗಳುತ್ತಿದ್ದರು. ಹುಸೇನಬಿ ಭರಣಿ ಒರೆಸುತ್ತ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು.

ಕರ್ಜಗಿಯಲ್ಲಿರುವ ಅವಳ ಅಕ್ಕ ಜೈತುನಬಿಗೆ ಮದುವೆ ವಯಸ್ಸಿಗೆ ಬಂದ ಮಗಳಿದ್ದಳು; ಭರಣಿ ಅವಳ ಜೊತೆ ಹೋಗಲಿ ಎಂಬುದು ಅಕ್ಕನ ಆಸೆ. ನಮ್ಮ ಮನೆಮಾತು ಉರ್ದು, ಆದರೆ ಜಗಳಕ್ಕೆ ಕನ್ನಡವೇ ಬೇಕು. ಅದರಲ್ಲಿ ಪೆಟ್ಟು ನೇರವಾಗಿ ಬೀಳುತ್ತದೆ.

"ಹೆಣ್ಣಿಲ್ಲದ ಮನ್ಯಾಗ ಇದನ್ನ ಯಾಕ ಕಾಯ್ಕೊಂತ ಕುಂತೀಯ?" ಎಂದಳು ಜೈತುನಬಿ.

"ಸಣ್ಣ ಸೊಸಿ ಬಸರಿ ಅದಾಳ. ಈ ಸಲಾನೂ ಗಂಡಾದ್ರ ನೀನ ಒಯ್ದುಬಿಡು," ಎಂದು ಹುಸೇನಬಿ ಮಾತು ಕೊಟ್ಟುಬಿಟ್ಟಳು.

ಹೆರಿಗೆಯ ದಿನ ಜೈತುನಬಿ, ಭರಣಿ ಸುತ್ತಲು ಹುಲ್ಲು ತುಂಬಿದ ಗೋಣಿಚೀಲ ಹಿಡಿದು, ಹಾವೇರಿಯ ದವಾಖಾನೆಗೇ ಬಂದಳು. ಗಂಡಾದರೆ ಅಲ್ಲಿಂದ ನೇರ ಬ್ಯಾಡಗಿ ಬಸ್ಸು ಹತ್ತಿ ನಮ್ಮ ಮನೆಗೆ ಹೋಗುವ ಯೋಚನೆ. ಹುಸೇನಬಿ ಆ ಗೋಣಿಚೀಲಕ್ಕೆ ಬೆನ್ನು ಹಾಕಿ ಕುಳಿತಳು. ಕಡೆಗೆ ನರ್ಸಬಾಯಿ ಹೊರಗೆ ಬಂದು, ಸತ್ತವರ ಮನೆಗೆ ಹೋದವರ ದನಿಯಲ್ಲಿ ಹೇಳಿದಳು:

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಜ್ಜಾರ. ಹೆಣ್ಣು ಹುಟ್ಟೈತಿ."

"ಇನ್ನೊಮ್ಮೆ ಹೇಳ್ರಿ ಬಾಯಾರ," ಎಂದೆ.

ಕಿವುಡನೆಂದು ತಿಳಿದು ಆಕೆ ಗಟ್ಟಿಯಾಗಿ ಹೇಳಿದಳು. ಪಡಸಾಲೆಗೆಲ್ಲ ಕೇಳಿಸಿತು. ನನಗೆ ಬೇಕಾಗಿದ್ದದ್ದೂ ಅದೇ. ಅಂದು ಆ ದವಾಖಾನೆಯಲ್ಲಿ ಪೇಢೆ ಸಿಗದೆ ಉಳಿದವರು ಯಾರೂ ಇಲ್ಲ. ಹಲ್ಲು ನೋವೆಂದು ಬಂದವನಿಗೂ ಬಲವಂತವಾಗಿ ತಿನ್ನಿಸಿದೆ.

ಜೈತುನಬಿ ಮಾತ್ರ ಪೇಢೆ ಕೈಯಲ್ಲೇ ಹಿಡಿದುಕೊಂಡು, ಕೂಸನ್ನು ಮಡಿಲಿಗೆ ಹಾಕಿಸಿಕೊಂಡು ಬಹಳ ಹೊತ್ತು ನೋಡಿದಳು.

"ಹೋಗ್ಲಿ, ಭರಣಿ ನಿಮ್ಮಲ್ಲೇ ಇರ್ಲಿ," ಎಂದಳು. "ಈ ಹುಡುಗೀನ ನನ್ನ ಮೊಮ್ಮಗಗ ಕೊಡ್ರಿ."

ಅವಳ ಮೊಮ್ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಆದರೂ ಯೋಚನೆಯಲ್ಲಿ ತಪ್ಪಿಲ್ಲ: ಹುಡುಗಿ ಕರ್ಜಗಿಗೆ ಹೋದರೆ ಭರಣಿ ಹಿಂದೆಯೇ ಹೋಗುತ್ತದೆ. ಹುಸೇನಬಿ ನನ್ನ ಮುಖ ನೋಡಿದಳು.

"ಅದನ್ನ ಈಕಿನ್ನ ಕೇಳಬೇಕಲ್ಲ," ಎಂದೆ. "ಈಗ ಮಲಗ್ಯಾಳ."

ಅವಳ ಉತ್ತರ ಕೇಳುವ ತನಕ ನಾವು ಮೂವರು ಮುದುಕರೂ ಗಟ್ಟಿಯಾಗಿರಬೇಕೆಂದು ಅಲ್ಲೇ ಒಪ್ಪಂದವಾಯಿತು.