ನಂಜೆಂದವರು ಯಾರು

ನನ್ನ ಗಂಡನಿಗೆ ಬೈಪಾಸ್ ಆದದ್ದು ಮಂಗಳೂರಿನಲ್ಲಿ. ಹೊನ್ನಾವರದಲ್ಲಿ ಎದೆನೋವು ಬಂದವರು ತೆಂಕು ಮುಖ ಮಾಡಿ ಓಡಲೇಬೇಕು, ಏನು ಮಾಡುವುದು! ಆಪರೇಶನ್ ಸರಿಯಾಗಿ ಆಯಿತು. ಎದೆಯ ಗಾಯ ಒಣಗಿದರೆ ಮನೆಗೆ ಕಳಿಸುತ್ತೇವೆ ಎಂದರು. ಅದನ್ನು ಒಣಗಿಸುವುದೇ ನನ್ನ ಕೆಲಸ ಎಂದು ಶಾಲೆಗೆ ರಜೆ ಹಾಕಿ ಹಾಸಿಗೆ ಪಕ್ಕ ಕೂತೆ.

ಆಸ್ಪತ್ರೆಯವರು ಬೆಳಿಗ್ಗೆ ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು, ಮಧ್ಯಾಹ್ನ ಮೀನು ತಿನ್ನಿಸಿ ಎಂದಿದ್ದರು. ಅಷ್ಟರಲ್ಲಿ ಕುಮಟೆಯಿಂದ ಅತ್ತೆಯ ಫೋನ್.

"ಮೊಟ್ಟೆ, ಮೀನು ಎಲ್ಲಾ ನಂಜು. ಹಸಿ ಗಾಯ ಕೀವಾತದೆ. ಗಂಜಿ ಕೊಡು, ಸಾಕು."

ನಮ್ಮ ಕಡೆ ನಂಜು ಎಂದರೆ ಮುಗಿಯಿತು. ಬಾಣಂತಿಯಿಂದ ಹಿಡಿದು ಕಾಲಿಗೆ ಮುಳ್ಳು ಚುಚ್ಚಿದವನ ತನಕ ಎಲ್ಲರ ಬಾಯಿಗೂ ಬೀಗ. ನಾನಾದರೋ ಭಟ್ಕಳದಲ್ಲಿ ಮೀನು ಮಾರುವವರ ಮನೆಯಲ್ಲಿ ಹುಟ್ಟಿದವಳು, ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಗಾಯ ಕೂಡಲಿಕ್ಕೆ ಪ್ರೋಟೀನು ಬೇಕು ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಮೊಟ್ಟೆ ಸುಲಿದು ಗಂಡನ ಬಾಯಿಯ ಹತ್ತಿರ ಹಿಡಿದೆ.

"ಬೇಡ. ಆಯಿ ಬೇಡ ಹೇಳಿದ್ದಾಳೆ."

"ಡಾಕ್ಟರು ಬೇಕು ಹೇಳಿದ್ದಾರೆ."

"ಡಾಕ್ಟರಿಗೆ ನಂಜು ಅಂದ್ರೆ ಎಂತ ಗೊತ್ತು? ನೀನೇ ತಿನ್ನು."

ಬೇಡಿಕೊಂಡೆ, ಬೈದೆ. ಗಂಜಿಯಲ್ಲಿ ಹಿಚುಕಿ ಕಲಸಿ ಕೊಟ್ಟರೆ ವಾಸನೆ ಹಿಡಿದು ಬಟ್ಟಲನ್ನೇ ದೂಡಿದರು. ಎದೆ ಕೊಯ್ಸಿಕೊಂಡು ಮಲಗಿದ ಮನುಷ್ಯನ ಹತ್ತಿರ ಎಷ್ಟು ಅಂತ ಜಗಳ ಆಡುವುದು ಮಾರಾಯ್ರೆ? ಅವರು ಬಿಟ್ಟ ಮೊಟ್ಟೆಯನ್ನು ನಾನೇ ತಿನ್ನುತ್ತಿದ್ದೆ.

ಗಾಯ ಒಣಗಲಿಲ್ಲ. ಕೆಳತುದಿಯಲ್ಲಿ ನೀರು ಒಸರತೊಡಗಿತು. ಡ್ರೆಸ್ಸಿಂಗ್ ಬಿಚ್ಚಿ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿ, "ಇಷ್ಟು ನಿತ್ರಾಣ ಆಗಿದ್ದೀರಲ್ಲ, ಎಂತ ತಿಂತಾ ಇದ್ದೀರಿ?" ಎಂದು ಕೇಳಿದರು. ಗಂಡ ನನ್ನ ಕಡೆ ನೋಡಿದರು. ಸದ್ಯ, ಈಗಲಾದರೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಬಿಟ್ಟರು.

"ಇವಳು ಗಂಜಿ ಬಿಟ್ಟು ಬೇರೆ ಎಂತ ಕೊಡೂದಿಲ್ಲ ಸರ್. ನಂಜು ಅಂತಾಳೆ."

ಡಾಕ್ಟರು ನನ್ನ ಮೇಲೆ ಹರಿಹಾಯ್ದರು. "ಟೀಚರಲ್ವಾ ನೀವು? ಮಕ್ಕಳಿಗೂ ಇದನ್ನೇ ಕಲಿಸ್ತೀರಾ?" ನಾನು ಮಾತು ಎತ್ತಿದರೆ, ಪೇಷಂಟಿನ ಎದುರು ವಾದ ಬೇಡ ಎಂದು ಹೊರಟೇ ಹೋದರು. ಪಕ್ಕದ ಹಾಸಿಗೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆಯ ಬಿಸಿ ಎಷ್ಟೆಂದು ಅವತ್ತು ಗೊತ್ತಾಯಿತು.

"ಎಂತಕ್ಕೆ ಹಾಗೆ ಹೇಳಿದ್ರಿ?" ಎಂದು ಕೇಳಿದೆ.

"ಆಯಿ ಹೆಸರು ಹೇಳೂಕೆ ಆತದಾ? ಪಾಪ, ವಯಸ್ಸಾದವಳು. ನೀನಾದ್ರೆ ನನ್ನವಳು, ತಡ್ಕಂತೆ."

ನನ್ನವಳಂತೆ! ಬೈಗುಳ ತಿನ್ನಲಿಕ್ಕೆ ನನ್ನವಳು. ಮೈಯೆಲ್ಲ ಉರಿಯಿತು. ಆದರೂ ನುಂಗಿಕೊಂಡು ಒಂದೇ ಒಂದು ಕೇಳಿದೆ: ನಿಮ್ಮ ಮನೆಯವರ ಎದುರಾದರೂ ಒಮ್ಮೆ ಇದ್ದದ್ದು ಇದ್ದ ಹಾಗೆ ಹೇಳಿ. "ಆತು, ಮನೆಗೆ ಹೋದ ಮೇಲೆ ಹೇಳ್ತೆ" ಎಂದರು. ಮರುದಿನದಿಂದ ಡಾಕ್ಟರ ಹೆದರಿಕೆಗೆ ಮೊಟ್ಟೆಯನ್ನು ತುಟಿಪಿಟಕ್ಕೆನ್ನದೆ ತಿಂದರು. ಗಾಯ ಕೂಡಿತು.

ಡಾಕ್ಟರು ನನ್ನನ್ನು ಬೈದ ಸುದ್ದಿ ಮಾತ್ರ ನಮಗಿಂತ ಮೊದಲೇ ಕುಮಟೆ ಸೇರಿತ್ತು. "ಅತ್ತಿಗೇ, ಓದಿದವರಾಗಿ ಹೀಗೆ ಮಾಡೂದಾ?" ಎಂದು ನಾದಿನಿಯ ಫೋನು. ಹಿಂದಿನಿಂದ ಅತ್ತೆಯ ದನಿ, "ನಾ ಅಂತೂ ಏನೂ ಹೇಳಿದವಳಲ್ಲ." ನನಗೆ ಅಳು ಬಂತು. ಇನ್ನು ಇವರೊಬ್ಬರು ಬಾಯಿ ಬಿಟ್ಟರಷ್ಟೇ ನನ್ನ ಮಾತಿಗೆ ಬೆಲೆ.

ಹೊನ್ನಾವರದ ನಮ್ಮ ಮನೆ ಮಹಡಿಯ ಮೇಲಿದೆ, ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಹಾಗಾಗಿ ಕಾರು ಸೀದಾ ಕುಮಟೆಗೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಅವರ ಎದೆಗೆ ದಿಂಬು ಒತ್ತಿ ಹಿಡಿಯುತ್ತ ಬಂದೆ. ಭಟ್ಕಳ ಬಂದಾಗ ಅಮ್ಮನ ಮನೆಗೆ ಇಳಿದುಬಿಡೋಣ ಅನ್ನಿಸಿತ್ತು. ಹೇಳ್ತೆ ಅಂದಿದ್ದಾರಲ್ಲ, ಆ ಒಂದು ಮಾತಿಗೆ ಕೂತೆ.

ಜಗಲಿಯಲ್ಲಿ ಅತ್ತೆ, ನಾದಿನಿ, ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಮಗನ ಕೆನ್ನೆ ಸವರಿ ಅತ್ತರು. "ಇವಳ ಪಥ್ಯಕ್ಕೆ ನನ್ನ ಮಗ ಕಡ್ಡಿ ಆಗಿ ಹೋದ!"

ನಾನು ಗಂಡನನ್ನೇ ನೋಡಿದೆ. ನನ್ನ ತೋಳು ಹಿಡಿದೇ ನಿಂತಿದ್ದರು.

"ಹೋಗ್ಲಿ ಬಿಡು ಆಯಿ," ಎಂದರು. "ಅವಳಿಗೆ ತಿಳೀಲಿಲ್ಲ. ನಾನೇ ಎಂತ ಮನಸ್ಸಿಗೆ ಹಚ್ಕಳ್ಳಲಿಲ್ಲ."

ಎಂಥ ದೊಡ್ಡ ಮನಸ್ಸು ಎಂದು ಪಕ್ಕದ ಮನೆಯಾಕೆ ಉದ್ಗಾರ ತೆಗೆದಳು. ನಾನು ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ, ಮಾತ್ರೆಯ ಚೀಲವನ್ನು ಅತ್ತೆಯ ಕೈಗೆ ಕೊಟ್ಟು, ಹೊನ್ನಾವರದ ಬಸ್ಸು ಹಿಡಿದೆ.