ಲಂಗರಿನ ಹಗ್ಗಕ್ಕೊಂದು ಬ್ರೇಕ್ ಡ್ರಮ್

ಲಾರಿಯವರಿಗೆ ಸಡಿಲ ಹಗ್ಗ ಕಂಡರೆ ಆಗುವುದಿಲ್ಲ. ಯಲ್ಲಾಪುರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕಲಿತ ಮೊದಲ ಪಾಠವೇ ಅದು. ಇಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನೂ ಲೋಡಿಗೆ ಬಿಗಿದ ಹಾಗೆ ಬಿಗಿಯುತ್ತಾರೆ, ಬೆರಳಲ್ಲಿ ಮೀಟಿದರೆ ಸದ್ದು ಬರಬೇಕು. ನನ್ನ ಗಂಡ, ಅವರ ಅಪ್ಪ, ಅವರಪ್ಪ ಎಲ್ಲರೂ ಗಾಡಿಯ ಮೇಲೆಯೇ ಬೆಳೆದವರು. ನಾನು ಹೊನ್ನಾವರದ ಕಡೆಯವಳು, ದೋಣಿಯವರ ಮಗಳು. ನಮ್ಮಲ್ಲಿ ಹಗ್ಗ ಸ್ವಲ್ಪ ಜೋತು ಬಿದ್ದಿರದಿದ್ದರೆ ನನ್ನ ಅಪ್ಪ, ಅಬ್ಬಾ, ಬೈಯುತ್ತಿದ್ದರು. ಈ ವಿಷಯಕ್ಕೆ ನಾನೂ ನನ್ನ ಗಂಡನೂ ಎಷ್ಟೋ ಸಲ ತಮಾಷೆಗೆ ಜಗಳ ಕಾದಿದ್ದೇವೆ. ಒಂದು ಮೇ ತಿಂಗಳ ಮಧ್ಯಾಹ್ನ, ಹಿನ್ನೀರಿನ ನಡುವೆ, ಅದೇ ಜಗಳ ನಿಜವಾಗಿ ಬಂತು.

ನಮ್ಮ ಸಂಸಾರ ನಡೆಯುವುದು ಒಂದು ಪಿಕಪ್ ಗಾಡಿಯ ಮೇಲೆ. ಅವರು ಹಿಂದಿನ ದಿನ ಅದರಲ್ಲಿ ಮಾಡಿಗೆ ಹೊದಿಸುವ ತಗಡು ಹೇರಿಕೊಂಡು ಹಿನ್ನೀರಿನ ದಂಡೆಗೆ ಹೋಗಿದ್ದರು. ಅಲ್ಲಿಂದ ಮುಂದೆ ರಸ್ತೆಯಿಲ್ಲ, ಸಾಮಾನು ದೋಣಿಯಲ್ಲಿ ಆಚೆ ದಡದ ಊರಿಗೆ ಹೋಗಬೇಕು. ತಗಡು ಇಳಿಸಿ ಮುಗಿಸಿ ದೋಣಿಯವರ ಜೊತೆ ಮಾತಾಡುತ್ತ ನಿಂತಿದ್ದಾಗ, ಇಳಿಜಾರಿನಲ್ಲಿ ನಿಲ್ಲಿಸಿದ್ದ ಗಾಡಿ ತನ್ನಷ್ಟಕ್ಕೆ ಹೊರಟಿತು. ಓಡಿ ಹೋಗಿ ಬಾಗಿಲು ಹಿಡಿಯುವಷ್ಟರಲ್ಲಿ ಮೂತಿ ನೀರು ಮುಟ್ಟಿತ್ತು. ಸ್ವಲ್ಪ ದೂರ ತೇಲಿತಂತೆ, ಆಮೇಲೆ ಗುಳುಗುಳು ಎಂದು ಮುಳುಗಿತಂತೆ. ಒಳಗೆ ಯಾರೂ ಇರಲಿಲ್ಲ, ಅಷ್ಟು ದೇವರು ಕಾಪಾಡಿದ.

ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. "ಬ್ರೇಕ್ ಎಳೆದಿದ್ದೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಲೇ ಇದ್ದರು. ನಾವು ಮನೆಯಲ್ಲಿ ಆಡುವುದು ಉರ್ದು, ಇಲ್ಲಿ ನಮ್ಮ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮರುದಿನಕ್ಕೆ ಶಿರಸಿಯಿಂದ ಕ್ರೇನ್ ಗೊತ್ತು ಮಾಡಿದರು. ಕ್ರೇನಿನವನು ದಂಡೆಯ ಮೇಲೆ ನಿಂತು ಎಳೆಯುತ್ತಾನೆ, ಸರಿ. ಆದರೆ ಅದರ ಉಕ್ಕಿನ ಹಗ್ಗದ ಕೊಕ್ಕೆಯನ್ನು ನೀರಿನಡಿಯ ಗಾಡಿಯ ಚಾಸಿಗೆ ಸಿಕ್ಕಿಸುವವರು ಯಾರು?

"ನಾನೇ ಇಳೀತೇನೆ" ಎಂದರು.

ನನ್ನ ತವರಿನ ಕಡೆಯಿಂದ ಮುಳುಗು ಹಾಕುವವರನ್ನು ಕರೆಸೋಣ, ಎರಡು ದಿನ ತಡೆಯಿರಿ ಎಂದೆ. ಕ್ರೇನ್ ಅವತ್ತು ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ, ಮಳೆ ಬೇರೆ ಬಾಗಿಲಲ್ಲೇ ಇದೆ, ನೀರು ಏರಿದರೆ ಗಾಡಿ ಮುಂದಿನ ಬೇಸಗೆಗೇ ಎಂದರು. ಚಿಕ್ಕಂದಿನಲ್ಲಿ ಬೇಡ್ತಿ ಹೊಳೆಯ ಗುಂಡಿಗಳಲ್ಲಿ ಈಜಿದವರು, ಉಸಿರು ಕಟ್ಟುವುದು ಗೊತ್ತು ಎಂಬ ಜಂಬ ಬೇರೆ. ನನಗೆ ಮೂಗಿನ ತುದಿಯಲ್ಲೇ ಕೋಪ. "ಹಾಗಾದರೆ ದೋಣಿಯಲ್ಲಿ ನಾನಿರುತ್ತೇನೆ, ನಿಮ್ಮ ಸೊಂಟದ ಹಗ್ಗ ನನ್ನ ಕೈಯಲ್ಲೇ ಇರಬೇಕು" ಎಂದೆ. ಅವರು ಒಪ್ಪಿದ್ದು ನನ್ನ ಮೇಲಿನ ಪ್ರೀತಿಗಲ್ಲ, ವಾದ ಮಾಡಲು ತ್ರಾಣ ಇರಲಿಲ್ಲ.

ದೋಣಿಯ ಯಜಮಾನರು ಆಚೆ ದಡದ ಊರಿನ ಹಿರಿಯರು. ಹಿನ್ನೀರಿನಲ್ಲಿ ದೋಣಿ ನಿಲ್ಲಿಸುವುದು ಎಂದರೆ ಅವರಿಗೆ ಯಾವುದಾದರೂ ಒಣ ಮರಕ್ಕೆ ಕಟ್ಟುವುದು. ಮುಳುಗಿದ ಕಾಡಿನ ಮರಗಳು ಬೇಸಗೆಯಲ್ಲಿ ನೀರಿನ ಮೇಲೆ ತಲೆ ಎತ್ತಿಕೊಂಡಿರುತ್ತವಲ್ಲ, ಅವು. ಗಾಡಿ ಮುಳುಗಿದ ಜಾಗದ ಎರಡೂ ಕಡೆ ಅಂಥ ಮರಗಳಿದ್ದವು, ಕಟ್ಟಲು ಎಟುಕದಷ್ಟು ದೂರ, ದೋಣಿ ಹೋಗಿ ಬಡಿಯುವಷ್ಟು ಹತ್ತಿರ. ಪುಣ್ಯಕ್ಕೆ ಆ ದೋಣಿ ಕರಾವಳಿಯಲ್ಲಿ ಹಳೆಯದು ಕೊಂಡದ್ದು, ಅದರ ಜೊತೆ ಬಂದ ಒಂದು ಸಣ್ಣ ಲಂಗರು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಅದನ್ನೇ ಮೂತಿಯ ಕಡೆಯಿಂದ ನೀರಿಗೆ ಬಿಟ್ಟರು. ಉಳಿದ ಹಗ್ಗವನ್ನೆಲ್ಲ ನನ್ನ ಗಂಡ ಎಳೆದು, ಇನ್ನೂ ಎಳೆದು, ಗಟ್ಟಿಯಾಗಿ ಗಂಟು ಹಾಕಿದರು. ಬಿಲ್ಲಿನ ಹೆದೆಯ ಹಾಗೆ ನಿಂತಿತು.

"ಇಷ್ಟು ಬಿಗಿ ಬೇಡ" ಎಂದೆ.

"ಬಿಗಿ ಇದ್ದರೆ ತಾನೇ ನಿಲ್ಲೋದು? ನೀನು ಸುಮ್ಮನೆ ಕೂತ್ಕೋ."

ಅಲ್ಲಿ ಮೂರಾಳು ನೀರು. ಮೊದಲ ಸಲ ಮುಳುಗಿದವರು ಬೇಗನೇ ಮೇಲೆ ಬಂದು, ಗಾಡಿ ಸರಿಯಾಗಿ ದೋಣಿಯ ಅಡಿಗೇ ಇದೆ, ನೆಟ್ಟಗೆ ಕೂತಿದೆ ಎಂದರು. ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ನಗು. ನನಗೂ ಸ್ವಲ್ಪ ಹಾಯೆನಿಸಿತು. ಎರಡನೇ ಸಲ ಕೊಕ್ಕೆ ಹಿಡಿದುಕೊಂಡು ಇಳಿದರು. ಆಗ ಕಣಿವೆಯ ಕಡೆಯಿಂದ ಗಾಳಿ ಎದ್ದಿತು. ಮಳೆಗಾಲಕ್ಕೆ ಮುಂಚಿನ ಮಧ್ಯಾಹ್ನದ ಗಾಳಿ ಇಲ್ಲಿ ಹಾಗೇ, ಹೇಳದೆ ಕೇಳದೆ ಬರುತ್ತದೆ.

ದೋಣಿ ನಿಂತಿದೆಯೋ ಇಲ್ಲವೋ ತಿಳಿಯಲು ಹಗ್ಗ ನೋಡಬಾರದು, ದಂಡೆ ನೋಡಬೇಕು. ದಂಡೆಯ ಮೇಲೆ ಒಂದರ ಹಿಂದೆ ಒಂದಿರುವ ಎರಡು ಗುರುತು ಹಿಡಿದುಕೊಂಡರೆ, ಅವು ಒಂದೇ ಸಾಲಿನಲ್ಲಿರುವ ತನಕ ದೋಣಿ ಕದಲಿಲ್ಲ ಎಂದರ್ಥ. ನಾನು ಕ್ರೇನಿನ ಹಳದಿ ತಲೆಯನ್ನೂ ಅದರ ಹಿಂದಿನ ಒಂದು ಮತ್ತಿ ಮರವನ್ನೂ ಹಿಡಿದಿದ್ದೆ. ನೋಡುತ್ತಿದ್ದಂತೆ ಮತ್ತಿ ಮರ ಕ್ರೇನಿನ ಮರೆಯಿಂದ ಹೊರಗೆ ಬಂತು. ಮೆಲ್ಲಗೆ, ಇಣುಕಿದ ಹಾಗೆ. ದೋಣಿ ಹಿಂದೆ ಸರಿಯುತ್ತಿತ್ತು, ಅದರ ಜೊತೆಗೆ ನನ್ನ ಕೈಯ ಹಗ್ಗ, ಆ ಹಗ್ಗದ ತುದಿಯಲ್ಲಿ ನೀರಿನಡಿಯ ಮನುಷ್ಯ. ಸಡಿಲ ಬಿಡಲೋ, ಎಳೆದುಕೊಳ್ಳಲೋ ತಿಳಿಯದೆ ಹಗ್ಗವನ್ನು ಹಾಗೇ ಹಿಡಿದುಕೊಂಡೆ.

ಅವರು ಎದ್ದದ್ದು ದೋಣಿಯಿಂದ ಆಚೆ, ಒಣ ಕೊಂಬೆಗಳ ನಡುವೆ. ಭುಜ ತರಚಿ ರಕ್ತ ಬರುತ್ತಿತ್ತು. ದೋಣಿ ಹತ್ತಿ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡವರು ಮೊದಲು ಹೇಳಿದ್ದೇ, "ಯಾಕೆ ಎಳೆದೆ? ಕೊಕ್ಕೆ ಹಾಕೋದರಲ್ಲಿದ್ದೆ."

"ನಾನು ಎಳೀಲಿಲ್ಲ, ದೋಣಿ ಎಳೀತು" ಎಂದೆ. ಅವರು ತಕ್ಷಣ ಮೂತಿಗೆ ಹೋಗಿ ಲಂಗರಿನ ಹಗ್ಗವನ್ನು ಇನ್ನಷ್ಟು ಬಿಗಿದರು. ಬಿಗಿದದ್ದೇ ತಡ, ಲಂಗರು ಪೂರ್ತಿ ಕಿತ್ತು ಬಂದು ದೋಣಿ ಗಿರ್ರನೆ ತಿರುಗಿತು. ಒಣ ಮರಕ್ಕೆ ಬಡಿಯದಂತೆ ಹಿರಿಯರು ಬಿದಿರಿನ ಜಲ್ಲೆ ಊರಿ ತಡೆದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅತ್ತೆಯ ಮುಂದೆ ಎಂದೂ ಆಡದ ಮಾತುಗಳೂ ಅದರಲ್ಲಿದ್ದವು. ಇದು ಲೋಡಲ್ಲ, ಲಂಗರು ನೆಲ ಕಚ್ಚುವುದು ಹಗ್ಗ ಅಡ್ಡಕ್ಕೆ ಎಳೆದಾಗ, ಮೇಲಕ್ಕೆ ಎಳೆದರೆ ಮೂಲಂಗಿ ಕಿತ್ತ ಹಾಗೆ ಬರುತ್ತದೆ ಎಂದು ಕೂಗಿದೆ.

"ಹಾಗಾದರೆ ಹಗ್ಗ ಉದ್ದ ಬಿಡೋಣ" ಎಂದರು, ಸ್ವಲ್ಪ ತಣ್ಣಗಾಗಿ.

ಅದೂ ಆಗುವಂತಿರಲಿಲ್ಲ. ಉದ್ದ ಬಿಟ್ಟರೆ ದೋಣಿ ಗಾಳಿಗೆ ಓಲಾಡಿ ಮರಗಳಿಗೆ ಬಡಿಯುತ್ತಿತ್ತು, ಮುಳುಗಿದ ಗಾಡಿಯ ನೇರಕ್ಕೂ ನಿಲ್ಲುತ್ತಿರಲಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಅಬ್ಬಾ ಮಾಡುತ್ತಿದ್ದುದು ನನಗೆ ನೆನಪಿತ್ತು. ಸಿಮೆಂಟು ತುಂಬಿದ ಡಬ್ಬಿಯೊಂದಕ್ಕೆ ಕಬ್ಬಿಣದ ಬಳೆ ಹಾಕಿ, ಆ ಬಳೆಯನ್ನು ಲಂಗರಿನ ಹಗ್ಗಕ್ಕೆ ಪೋಣಿಸಿ ಕೆಳಗೆ ಜಾರಿಸುತ್ತಿದ್ದರು. ಆ ಭಾರಕ್ಕೆ ಹಗ್ಗ ದೋಣಿಯ ಮೂತಿಯಿಂದ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿದು, ಅಲ್ಲಿಂದ ನೆಲಕ್ಕೆ ಒರಗಿಕೊಂಡು ಲಂಗರಿನ ಕಡೆ ಹೋಗುತ್ತದೆ. ಗಾಳಿ ದೋಣಿಯನ್ನು ಜಗ್ಗಿದರೆ ಮೊದಲು ಭಾರ ಎದ್ದೇಳಬೇಕು, ಲಂಗರಿಗೆ ಪೆಟ್ಟು ತಟ್ಟುವುದು ಆಮೇಲೆ. ದೂರದಿಂದ ನೋಡಿದ್ದೆನೇ ಹೊರತು ನಾನು ಒಂದು ಸಲವೂ ಕೈಯಾರೆ ಮಾಡಿದವಳಲ್ಲ. ಆದರೆ ಆ ಹೊತ್ತಿಗೆ ಅದನ್ನು ಬಾಯಿ ಬಿಟ್ಟು ಹೇಳುವಷ್ಟು ದಡ್ಡಿಯೂ ಆಗಿರಲಿಲ್ಲ.

ದಂಡೆಗೆ ಹೋಗಿ ಭಾರ ಹುಡುಕಿದೆವು. ಕಲ್ಲು ಕಟ್ಟಿದರೆ ಜಾರಿ ಬೀಳುತ್ತದೆ. ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಅಡಿಗೆ ಕೊಡಲು ಕ್ರೇನಿನವನು ಟೆಂಪೋದ ಹಳೆಯ ಬ್ರೇಕ್ ಡ್ರಮ್ ಒಂದನ್ನು ಇಟ್ಟುಕೊಂಡಿದ್ದ. ಚಕ್ರದೊಳಗೆ ಕೂರುವ ಕಬ್ಬಿಣದ ಬೋಗುಣಿಯಂಥದು, ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರ, ಮಧ್ಯದಲ್ಲಿ ತೂತು. ಅವನು ಬನವಾಸಿ ಕಡೆಯವನು. "ತಗೊಂಡ್ ಹೋಗ್ರಿ ಅಕ್ಕಾರ, ಆದ್ರ ವಾಪಸ್ ಕೊಡ್ರಿ ಮತ್ತ" ಎಂದು ಒಂದು ಶಾಕಲ್ ಕೊಂಡಿಯನ್ನೂ ಕೊಟ್ಟ.

"ಎಂತ ಮಾಡೂದು ತಂಗಿ ಅದನ್ನ?" ಎಂದು ದೋಣಿಯ ಹಿರಿಯರು ಕೇಳಿದರು.

ಲಂಗರನ್ನು ಗಾಳಿ ಬರುವ ಕಡೆಗೆ ಮೊದಲಿಗಿಂತ ಮುಂದೆ ಹೋಗಿ ಬಿಟ್ಟೆವು. ಹಗ್ಗ ಬಿಡುತ್ತ ದೋಣಿ ಗಾಡಿಯ ನೇರಕ್ಕೆ ಬಂದ ಮೇಲೆ ಡ್ರಮ್ಮನ್ನು ಕೊಂಡಿಯಿಂದ ಲಂಗರಿನ ಹಗ್ಗಕ್ಕೆ ಸಿಕ್ಕಿಸಿ, ಅದಕ್ಕೇ ಬೇರೆ ಒಂದು ಸಣ್ಣ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದೆ. ನೆಲಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ ಸಣ್ಣ ಹಗ್ಗವನ್ನು ಬಿಗಿದೆ. ಮೂತಿಯ ಹಗ್ಗ ನೀರಿನೊಳಗೆ ಕಂಬದ ಹಾಗೆ ಇಳಿದಿತ್ತು. ಗಾಳಿ ಬಂತು. ದೋಣಿ ಸ್ವಲ್ಪ ಹಿಂದೆ ಹೋಯಿತು, ತಡೆದು ನಿಂತಿತು, ಮತ್ತೆ ಮುಂದೆ ಬಂತು. ಮತ್ತಿ ಮರ ಕ್ರೇನಿನ ಹಿಂದೆಯೇ ಉಳಿಯಿತು. ಇನ್ನೊಂದು ಜೋರು ಗಾಳಿ ಕಳೆಯುವ ತನಕ ಯಾರೂ ಇಳಿಯಕೂಡದು ಎಂದೆ. ಅದೂ ಕಳೆಯಿತು. ಮರ ಅಲ್ಲೇ ಇತ್ತು.

"ಇನ್ನು ಹೋಗಲಾ?" ಎಂದು ಅವರು ಕೇಳಿದರು. ಅದು ನನ್ನ ಅಪ್ಪಣೆ ಕೇಳಿದ್ದು. ಹೋಗಿ ಎಂದೆ.

ಕೊಕ್ಕೆ ಹಿಡಿದು ಮುಳುಗಿದರು. ನಾನು ಸೊಂಟದ ಹಗ್ಗವನ್ನು ಬೆರಳ ಸಂದಿಯಲ್ಲಿ ಬಿಡುತ್ತ ಹೋದೆ. ಹಗ್ಗ ನಿಂತಿತು. ಒಂದು ಸಲ ಜಗ್ಗಿತು, ಮತ್ತೆ ಜಗ್ಗಿತು, ಎಲ್ಲೋ ಸಿಕ್ಕಿಕೊಂಡ ಹಾಗೆ. ಆಮೇಲೆ ಏನೂ ಇಲ್ಲ. ಮೇಲೆ ಬರುವ ಹೊತ್ತಾಯಿತು, ಬರಲಿಲ್ಲ. ನಾನೂ ಅವರ ಜೊತೆ ಉಸಿರು ಕಟ್ಟಿದ್ದೆ, ನನಗೆ ತಡೆಯಲಾಗದೆ ಬಿಟ್ಟೆ. "ಎಳಿ ತಂಗಿ" ಎಂದರು ಹಿರಿಯರು. ಎಳೆದೆ. ಯಾವುದಕ್ಕೋ ತೊಡರಿದ್ದು ಒಮ್ಮೆಗೇ ಬಿಟ್ಟುಕೊಂಡಿತು. ಹಗುರವಾಗಿ ಬಂತು. ಅಷ್ಟು ಹಗುರ ಇರಬಾರದಿತ್ತು. ಎಳೆದೆ, ಎಳೆದೆ, ಕೊನೆಗೆ ಬರಿಯ ತುದಿ ನನ್ನ ಮಡಿಲಿಗೆ ಬಂದು ಬಿತ್ತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಹಿರಿಯರು ಅಂಗಿ ಬಿಚ್ಚುತ್ತಿದ್ದದ್ದು ಮಾತ್ರ ನೆನಪಿದೆ, ಆ ವಯಸ್ಸಿನಲ್ಲಿ ಇವರೂ ಹೋಗುತ್ತಾರಲ್ಲ ಎಂದು ಅನಿಸಿದ್ದೂ ನೆನಪಿದೆ. ಅಷ್ಟರಲ್ಲಿ ಮೂತಿಯ ಕಡೆ ದೋಣಿ ಒಮ್ಮೆ ತಗ್ಗಿತು. ಲಂಗರಿನ ಹಗ್ಗವನ್ನು ಒಂದು ಕೈ ಹಿಡಿದಿತ್ತು, ಅದರ ಮೇಲೆ ಇನ್ನೊಂದು ಕೈ ಬಂತು, ಆಮೇಲೆ ತಲೆ.

ನಾವಿಬ್ಬರೂ ಸೇರಿ ಒಳಗೆ ಎಳೆದುಕೊಂಡೆವು. ತುಟಿ ನೀಲಿಯಾಗಿತ್ತು. ಬಾಯಿಂದ ನೀರು ಹೋಗಿ ಉಸಿರು ನೆಟ್ಟಗಾಗುವ ತನಕ ನಾನು ಅವರ ಬೆನ್ನು ಗುದ್ದುತ್ತಲೇ ಇದ್ದೆ. ಆರೈಕೆಗೆ ಗುದ್ದಿದ್ದೆಷ್ಟೋ, ಸಿಟ್ಟಿಗೆ ಗುದ್ದಿದ್ದೆಷ್ಟೋ ನನಗೇ ಗೊತ್ತಿಲ್ಲ.

"ಹಗ್ಗ ಹೇಗೆ ಬಿಚ್ಚಿತು?" ಎಂದೆ.

"ಬಿಚ್ಚಿದೆ. ಅಡಿಯಲ್ಲಿ ಕೊಂಬೆಗೆ ಸುತ್ತಿಕೊಂಡಿತ್ತು, ಚಾಸಿ ಎಟುಕೋಕೆ ಒಂದು ಗೇಣು ಸಾಲ್ತಿರಲಿಲ್ಲ."

"ನೀವೇ ಬಿಚ್ಚಿದ್ರಾ?"

"ಹೂಂ. ಕೊಕ್ಕೆ ಹಾಕಿದೆ. ಆಮೇಲೆ ಕೆಸರೆದ್ದು ಏನೂ ಕಾಣಲಿಲ್ಲ. ತಡಕಾಡಿದಾಗ ಡ್ರಮ್ ಕೈಗೆ ಸಿಕ್ತು, ಅಲ್ಲಿಂದ ಲಂಗರಿನ ಹಗ್ಗ ಹಿಡಿದು ಬಂದೆ." ಮತ್ತೆ ನನ್ನ ಮುಖ ನೋಡಿ, ಸಮಾಧಾನ ಮಾಡುವವರ ಹಾಗೆ ಹೇಳಿದರು: "ದೋಣಿ ಈ ಸಲ ಅಲ್ಲಾಡೋದಿಲ್ಲ ಅಂತ ಗೊತ್ತಿತ್ತಲ್ಲ. ನೀನು ನಿಲ್ಲಿಸಿದ್ದೆ. ಅದಕ್ಕೇ ಧೈರ್ಯ ಮಾಡಿ ಬಿಚ್ಚಿದೆ."

ದಂಡೆಯಿಂದ ಕ್ರೇನಿನವನು "ಹಾಕಿದ್ರೇನ್ರಿ? ಎಳೀಲೇನ್ರಿ?" ಎಂದು ಕೂಗುತ್ತಿದ್ದ. ಅವರು ಮಲಗಿದಲ್ಲಿಂದಲೇ ಕೈ ಎತ್ತಿ ಸನ್ನೆ ಮಾಡಿದರು. ನಾವು ಪಕ್ಕಕ್ಕೆ ಸರಿದ ಮೇಲೆ ಗಾಡಿ ಕೆಸರು ಸುರಿಸುತ್ತ ಮೇಲೆ ಬಂತು. ದಂಡೆಯಲ್ಲಿ ನಿಂತವರೆಲ್ಲ ಚಪ್ಪಾಳೆ ಹೊಡೆದರು. ನಾನು ಆ ಕಡೆ ನೋಡಲಿಲ್ಲ.

ಗಾಡಿ ಇವತ್ತಿಗೂ ಓಡುತ್ತದೆ. ಈ ಕತೆಯನ್ನು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ನನ್ನ ಹೆಂಡತಿ ದೋಣಿ ನಿಲ್ಲಿಸಿದ ರೀತಿ ಹಾಗಿತ್ತು, ನಾನು ಸೊಂಟದ ಹಗ್ಗವನ್ನೇ ಬಿಚ್ಚಿಬಿಟ್ಟೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕೇಳಿದವರು ನನ್ನನ್ನು ಮೆಚ್ಚಿಕೊಂಡು ನೋಡುತ್ತಾರೆ. ನಾನು ಆ ಡ್ರಮ್ ಇಳಿಸಿದ್ದು ಅವರು ಉಳಿಯಲಿ ಎಂದು. ಅದನ್ನು ಇಳಿಸದೇ ಇದ್ದಿದ್ದರೆ ಅವರು ಹಗ್ಗ ಬಿಚ್ಚುತ್ತಲೇ ಇರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಕತೆ ಆ ಮಾತಿಗೆ ಬರುವ ಹೊತ್ತಿಗೆ ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ, ಕೆಲವು ಲೋಟಗಳಲ್ಲಿ ಚಹಾ ಇನ್ನೂ ಅರ್ಧ ಇರುತ್ತದೆ.