ಸ್ವಲ್ಪದರಲ್ಲಿ ತಪ್ಪಿಹೋಗುತ್ತಿದ್ದವನು

ನಮ್ಮ ಬೀದಿಯ ಫ್ರಿಜ್ ರಿಪೇರಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಸ್ವಲ್ಪದರಲ್ಲಿ’. “ಫ್ರಿಜ್ ತಣ್ಣಗಾಗ್ತಿಲ್ಲ, ಸ್ವಲ್ಪದರಲ್ಲಿಗೆ ಫೋನ್ ಮಾಡು” ಅನ್ನುತ್ತಿದ್ದರು. ಕೇಳಿ ಕೇಳಿ ಅವನೂ ಅದಕ್ಕೇ ಓಗೊಡುತ್ತಿದ್ದ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಅವಳಿಗಳಲ್ಲಿ ಎರಡನೆಯವನು. ಅಕ್ಕ ಹೊರಬಂದು ಅತ್ತು ಸುಮ್ಮನಾದ ಮೇಲೆ ಇವನು ಹುಟ್ಟಿದ್ದು. ಹಿರಿತನ ಸ್ವಲ್ಪದರಲ್ಲಿ ತಪ್ಪಿತು. ಪೇಟೆಯ ಮೂಲೆಯಲ್ಲೊಂದು ಒಳ್ಳೆಯ ಅಂಗಡಿ ಬಾಡಿಗೆಗೆ ಸಿಕ್ಕಿತ್ತು. ಹೆಂಡತಿಯನ್ನೊಂದು ಮಾತು ಕೇಳಿ ಬರುತ್ತೇನೆಂದು ಮನೆಗೆ ಹೋಗಿ ಬರುವಷ್ಟರಲ್ಲಿ ಕ್ಷೌರದವನು ಅಲ್ಲಿ ಕುರ್ಚಿ ಹಾಕಿ ಕೂತಿದ್ದ. ಊರಾಚೆಯ ಶೈತ್ಯಾಗಾರದಲ್ಲಿ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಿತ್ತು. ಅದರ ಮೇಲೆ ಅವನಿಗೆ ಬಹಳ ಆಸೆ. ಅದೂ ಇನ್ನೇನು ಸಿಕ್ಕಿತು ಅನ್ನುವಾಗ ಬೇರೊಬ್ಬನ ಪಾಲಾಯಿತು. “ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು” ಎಂಬ ಗಾದೆಯನ್ನು ತನಗಾಗಿಯೇ ಮಾಡಿದ್ದಾರೆಂದು ಅವನು ನಂಬಿದ್ದ.

ಅಕ್ಕನದು ಇದಕ್ಕೆ ತದ್ವಿರುದ್ಧ. ಅವಳು ಊರಿನ ಬಸ್ಸು ಓಡಿಸುತ್ತಿದ್ದಳು. ಆ ಕೆಲಸ ಸಿಕ್ಕಿದ್ದೂ ಒಂದು ಕತೆಯೇ. ಕೆಟ್ಟು ನಿಂತ ಬಸ್ಸಿನಲ್ಲಿ ಎಲ್ಲರೂ ಗೊಣಗುತ್ತಿದ್ದಾಗ ಇವಳು ಇಳಿದು ಚಾಲಕನ ಪಕ್ಕ ನಿಂತು, “ಇದು ಓಡಿಸೋದು ಕಷ್ಟವಾ? ಹೆಂಗಸರನ್ನ ತಗೋತಾರಾ?” ಎಂದು ಕೇಳಿದ್ದಳಂತೆ. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿಯಲ್ಲೇ ಇದ್ದಳು. ಅವಳು ಮುಟ್ಟಿದ್ದೆಲ್ಲ ಚಿನ್ನ ಎಂದು ಬೀದಿ ಹೇಳುತ್ತಿತ್ತು. ಒಂದೇ ಹೊಟ್ಟೆ, ಒಂದೇ ದಿನ, ಆದರೂ ಎಷ್ಟು ವ್ಯತ್ಯಾಸ ನೋಡಿ ಎಂದು ಜನ ಅವನೆದುರೇ ಆಡಿಕೊಳ್ಳುತ್ತಿದ್ದರು.

ಈ ಮಾತು ಅವನನ್ನು ಒಳಗೊಳಗೇ ಕೊರೆಯಿತು. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೆ ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ತಟ್ಟೆ ಲೋಟಗಳು ಗಲಗಲ ಅನ್ನುತ್ತಿದ್ದವು. ಅದೃಷ್ಟವನ್ನು ಹೇಗಾದರೂ ಸರಿಮಾಡಬೇಕೆಂಬ ಹುಚ್ಚು ಹತ್ತಿತು. ಮಂಚದ ತಲೆದೆಸೆ ಬದಲಿಸಿದ. ವ್ಯಾನಿಗೆ ಹಸಿರು ಬಣ್ಣ ಹೊಡೆಸಿದ. ಬೀದಿಬದಿಯವನೊಬ್ಬ ಕೊಟ್ಟ ನೀಲಿ ಕಲ್ಲಿನ ಉಂಗುರ ಹಾಕಿಕೊಂಡ. ಕಂಪ್ರೆಸರ್ ಬಿಚ್ಚುವಾಗ ಅದು ಪೈಪಿನ ಸಂದಿಗೆ ಸಿಕ್ಕಿ ಬೆರಳು ಊದಿಕೊಂಡಿತು. ಕೊನೆಗೆ ಹಾಸಿಗೆಯಿಂದ ಬಲಮಗ್ಗುಲಲ್ಲೇ ಏಳಬೇಕೆಂದು ಹೆಂಡತಿಯನ್ನು ಗೋಡೆಯ ಕಡೆ ಮಲಗಿಸಿದ.

“ರೀ, ಬಲಗಡೆ ಎದ್ದರೂ ಎಡಗಡೆ ಎದ್ದರೂ ಏಳೋದು ನೀವೇ ತಾನೇ?” ಎಂದಳು ಅವಳು.

ಅವನಿಗೆ ನಗು ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಸ್ಸು ಓಡಿಸುತ್ತಿದ್ದ ಅಕ್ಕನ ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಹಾರಾಡಿದವು. ಕೊಳೆ ಇರಬೇಕೆಂದು ಗಾಜು ಒರೆಸಿದಳು. ಮಧ್ಯಾಹ್ನದ ಹೊತ್ತಿಗೆ ಯಾರೋ ಪಕ್ಕದಿಂದ ಪರದೆ ಎಳೆದ ಹಾಗಾಯಿತು. ಬಸ್ಸನ್ನು ಜೋಪಾನವಾಗಿ ಬದಿಗೆ ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ತಮ್ಮನಿಗೆ ಫೋನ್ ಮಾಡಿದಳು. ಕಣ್ಣಿನ ಹಿಂಭಾಗದ ಪೊರೆ ಕಿತ್ತುಬಂದಿದೆ ಎಂದರು ವೈದ್ಯರು. ಶಸ್ತ್ರಚಿಕಿತ್ಸೆಯಾಯಿತು. ಆದರೂ ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಏಕೆ ಹೀಗಾಯಿತು ಎಂದು ಕೇಳಿದ್ದಕ್ಕೆ, “ಕೆಲವರಿಗೆ ಆಗುತ್ತೆ. ಇವರು ಏನೋ ತಪ್ಪು ಮಾಡಿದ್ದರಿಂದ ಆಗಿದ್ದಲ್ಲ” ಎಂದರು.

ಆ ಕ್ಷಣದಲ್ಲಿ ತಮ್ಮನ ಮನಸ್ಸಿನಲ್ಲಿ ಒಂದು ಮಾತು ಮಿಂಚಿ ಹೋಯಿತು: ‘ಈಗ ಸಮ ಆಯ್ತು.’ ನೀರು ತರುತ್ತೇನೆಂದು ಹೊರಗೆ ಹೋದವನು ಆಸ್ಪತ್ರೆಯ ಮೆಟ್ಟಿಲುಗಳನ್ನು ಸುಮ್ಮಸುಮ್ಮನೆ ಹತ್ತಿದ, ಇಳಿದ, ಮತ್ತೆ ಹತ್ತಿದ. ನೀರು ತರುವುದು ಮರೆತೇಹೋಗಿತ್ತು.

ಬಸ್ಸಿನ ಕೆಲಸ ಹೋಯಿತು. ಒಂಟಿಕಣ್ಣಿನವರ ಕೈಗೆ ಅಷ್ಟು ಜನರ ಜೀವ ಕೊಡುವುದಿಲ್ಲವಲ್ಲ. ಅಕ್ಕ ಮಹಡಿಯ ಮೇಲೆ ಅತ್ತಿಂದಿತ್ತ ನಡೆಯುವ ಸದ್ದು ಕೆಳಗಿನ ಅಡುಗೆಮನೆಗೆ ಕೇಳುತ್ತಿತ್ತು. ಕೆಳಗೆ ಇವನು, ಮೇಲೆ ಅವಳು. “ಈ ಮನೇಲಿ ಇಬ್ಬರಿಗೂ ಕಾಲಿಗೆ ಚಕ್ರ” ಎಂದು ಹೆಂಡತಿ ತಲೆ ಚಚ್ಚಿಕೊಂಡಳು. ಒಂದು ದಿನ ಅವಳೇ ಮಹಡಿ ಹತ್ತಿ ಹೋಗಿ, “ಅತ್ತಿಗೆ, ಇವರ ಜೊತೆ ವ್ಯಾನಲ್ಲಿ ಹೋಗಿ ಬನ್ನಿ. ನಿಮಗೂ ಹೊತ್ತು ಹೋಗುತ್ತೆ, ನನಗೂ ನೆಮ್ಮದಿ” ಎಂದು ಇಬ್ಬರನ್ನೂ ಹೊರಗೆ ಕಳಿಸಿದಳು.

ವ್ಯಾನಿನಲ್ಲಿ ಅಕ್ಕ ಸುಮ್ಮನೆ ಕೂರುತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ಅಲ್ಲಿಲ್ಲದ ಬ್ರೇಕನ್ನು ಅವಳ ಬಲಗಾಲು ತುಳಿಯುತ್ತಿತ್ತು. ಗಿರಾಕಿಗಳ ಮನೆಯಲ್ಲಿ ಇವನು ಫ್ರಿಜ್ಜಿನ ಹಿಂದೆ ಬಗ್ಗಿ ಥರ್ಮೋಸ್ಟಾಟ್ ತಡಕುತ್ತಿದ್ದರೆ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮಾತಿಗಿಳಿಯುತ್ತಿದ್ದಳು. ಮೊಮ್ಮಗಳಿಗೆ ಹಲ್ಲು ಬಂತಾ, ಆ ಹಿಡಿ ಮುರಿದ ಬಾಣಲೆ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಹೀಗೆ. ಹೊರಡುವಾಗ ಮೇಲಿನ ಮನೆಯವರ ಫ್ರಿಜ್ಜೂ ಸದ್ದು ಮಾಡುತ್ತದೆಂಬ ಸುದ್ದಿ ಅವಳ ಕಿವಿಗೆ ಬಿದ್ದಿರುತ್ತಿತ್ತು. ಕೆಲಸ ಕೆಲಸವನ್ನು ಕರೆದುಕೊಂಡು ಬರತೊಡಗಿತು.

“ನೋಡು, ಕಣ್ಣು ಹೋದರೂ ನಿನ್ನ ನಸೀಬು ಹೋಗಿಲ್ಲ” ಎಂದ ತಮ್ಮ, ಒಂದು ಸಿಗ್ನಲ್ಲಿನಲ್ಲಿ. ಮಾತಿನಲ್ಲಿ ಹೊಟ್ಟೆಕಿಚ್ಚಿನ ವಾಸನೆಯಿತ್ತು.

ಅಕ್ಕನಿಗೆ ರೇಗಿತು. “ನಸೀಬಂತೆ! ಬಸ್ಸಿಗಿಂತ ಮುಂಚೆ ನಾನು ಎಲ್ಲೆಲ್ಲಿ ಕೇಳಿದ್ದೆ ಗೊತ್ತಾ? ಅಂಚೆ ಕಚೇರಿ, ಬಟ್ಟೆ ಅಂಗಡಿ, ಆ ಬಿಸ್ಕತ್ತಿನ ಕಾರ್ಖಾನೆ. ಎಲ್ಲಾ ಕಡೆ ಇಲ್ಲ ಅಂದ್ರು. ನಾನು ಮರೆತುಬಿಟ್ಟೆ, ನೀವ್ಯಾರೂ ನೋಡಲೇ ಇಲ್ಲ. ನೀನು ಒಂದು ಕಡೆ ಹೋಗ್ತೀಯ, ಅವರು ಇಲ್ಲ ಅಂತಾರೆ, ಅದನ್ನೇ ಹತ್ತು ವರ್ಷ ಎದೆ ಮೇಲೆ ಇಟ್ಕೊಂಡು ಕೂರ್ತೀಯ.”

“ಶೈತ್ಯಾಗಾರದ್ದು ಸ್ವಲ್ಪದರಲ್ಲಿ...”

“ಆ ದಿನ ನೀನು ಬಾಗಿಲ ಹೊರಗೆ ನಿಂತಿದ್ದೆ ಕಣೋ! ಒಳಗಿಂದ ಕರೀತಾರೆ ಅಂತ ಕಾದೆ. ಅವರು ಯಾರೂ ಬಂದಿಲ್ಲ ಅಂದುಕೊಂಡು ಬೇರೆಯವನನ್ನ ತಗೊಂಡ್ರು. ನೀನೇ ಹೇಳಿದ್ದೆಯಲ್ಲ. ಬಾಗಿಲು ತಟ್ಟಿದ್ರೆ ಗಂಟೇನು ಹೋಗ್ತಿತ್ತು?”

ಅವನ ಮುಖ ಕೆಂಪಾಯಿತು. “ಹಾಗಾದ್ರೆ ನಿನ್ನ ಕಣ್ಣು? ಅದಕ್ಕೆ ಯಾವ ಬಾಗಿಲು ತಟ್ಟಬೇಕಿತ್ತು?”

ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು. ಸಿಗ್ನಲ್ ಹಸಿರಾಗಿತ್ತು. ಅವನು ಗೇರು ಹಾಕಿ ವ್ಯಾನು ಮುಂದಕ್ಕೆ ಬಿಟ್ಟ. ಆಮೇಲೆ, “ಅದಕ್ಕೆ ಯಾವುದೂ ಇಲ್ಲ. ಅದು ಸುಮ್ಮನೆ ಬಂತು” ಎಂದಳು. ಅವಳ ದನಿ ನಡುಗಿತು. ಅಂಥ ದನಿಯನ್ನು ತಮ್ಮ ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಅವಳು ವ್ಯಾನು ಹತ್ತಲಿಲ್ಲ. ತಲೆನೋವು ಎಂದಳು. ಅವನು ಒಬ್ಬನೇ ಹೊರಟ. ಮೊದಲ ಕರೆ ಒಬ್ಬ ಹಿರಿಯ ಹೆಂಗಸಿನ ಮನೆಯಿಂದ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಸೀಳಿ ತಣ್ಣಗಿನ ಗಾಳಿಯೆಲ್ಲ ಹೊರಗೆ ಹೋಗುತ್ತಿತ್ತು. ರಬ್ಬರ್ ಕೂರಿಸುತ್ತಾ ತಾನೂ ಅಕ್ಕನ ಹಾಗೆ ಏನಾದರೂ ಮಾತಾಡಬೇಕೆಂದುಕೊಂಡ. ಏನೂ ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟ: “ನಿಮ್ಮ ಗಂಟಲು ಯಾಕೆ ಹೀಗೆ ಗೊರಗೊರ ಅನ್ನುತ್ತೆ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆ ಹೆಂಗಸು ನಕ್ಕಳು. “ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಡುತ್ತೆ ಅಂತ ಕೂಗ್ತಿದ್ದವಳು ನಾನೇ ಕಣಪ್ಪಾ. ಗಂಟಲು ಕೈಕೊಡ್ತು. ಬಿಡ್ತಾ ಇದ್ದೀನಿ.”

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. “ನನ್ನ ಅಕ್ಕ ಬಸ್ಸು ಓಡಿಸ್ತಿದ್ದಳು. ಈಗ ಒಂದು ಕಣ್ಣಿಲ್ಲ. ಬಾಯಿ ಮಾತ್ರ ಜೋರಾಗಿದೆ. ನಿಮ್ಮ ಜಾಗಕ್ಕೆ ಅವಳನ್ನ...”

“ಅಯ್ಯೋ, ನಿನ್ನೆ ತಾನೇ ಒಬ್ಬನನ್ನ ತಗೊಂಡ್ರಲ್ಲಪ್ಪಾ! ಒಂದು ದಿನ ಮುಂಚೆ ಬಂದಿದ್ರೆ ನಾನೇ ಹೇಳ್ತಿದ್ದೆ.”

ಅವನು ಸಾಮಾನು ಚೀಲಕ್ಕೆ ತುಂಬಿದ. ಹೊರಗೆ ಬಂದು ವ್ಯಾನಿನಲ್ಲಿ ಕೂತು ಕೀಲಿ ತಿರುಗಿಸಿದ. ಎಂಜಿನ್ ಹತ್ತಿತು. ಮೊಣಕಾಲು ಕುಣಿಯತೊಡಗಿತು. ಹೋಗಲೂ ಆಗದು, ಇರಲೂ ಆಗದು. ಎಂಜಿನ್ ಆರಿಸಿದ. ಮತ್ತೆ ಹತ್ತಿಸಿದ. ಕೊನೆಗೆ ತನ್ನನ್ನೇ ಬೈದುಕೊಂಡು ಇಳಿದು ಹೋಗಿ, ಆಗಷ್ಟೇ ಮುಚ್ಚಿದ ಬಾಗಿಲನ್ನು ತಟ್ಟಿದ.

“ಏನಪ್ಪಾ, ಏನಾದ್ರೂ ಬಿಟ್ಟು ಹೋದ್ಯಾ?”

“ಇಲ್ಲ... ಆ ಹೊಸಬ ಇಡೀ ದಿನ ಅವನೇ ಕೂಗ್ತಾನಾ?”

ಆಕೆ ಅವನನ್ನು ಒಂದು ಕ್ಷಣ ನೋಡಿದಳು. “ಒಳ್ಳೇ ಮಾತೇ ಕೇಳಿದೆ. ಬೆಳಗಿನ ಜಾವದ ಪಾಳಿಗೆ ಬರೋದೇ ಇಲ್ಲ ಅಂತ ಹಟ ಹಿಡಿದಿದ್ದಾನೆ. ಆ ಹೊತ್ತಿಗೆ ನಾನೇ ಈ ಹರಕು ಗಂಟಲು ಇಟ್ಕೊಂಡು ಹೋಗ್ತಿದ್ದೀನಿ. ನಿಮ್ಮಕ್ಕ ಬೇಗ ಏಳ್ತಾಳಾ?”

“ಅವಳು ನನಗಿಂತ ಮುಂಚೆ ಹುಟ್ಟಿದವಳು” ಎಂದ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

ಕೆಲಸ ತಟ್ಟನೆ ಸಿಗಲಿಲ್ಲ. ನಿಲ್ದಾಣದ ಮೇಲ್ವಿಚಾರಕ ಇವತ್ತು ಬಾ ನಾಳೆ ಬಾ ಎಂದು ಅಲೆದಾಡಿಸಿದ. ಅಕ್ಕ ಹೋಗುತ್ತಲೇ ಇದ್ದಳು. ಒಂದು ಮುಂಜಾನೆ ಆ ಹಿರಿಯ ಹೆಂಗಸಿಗೆ ಗಂಟಲು ಪೂರ್ತಿ ಕಟ್ಟಿ ಮಾತೇ ಹೊರಡದಾದಾಗ ಮೈಕು ಇವಳ ಕೈಗೆ ಬಂತು. ಮೊದಲ ದಿನ ಸದ್ದು ಎಷ್ಟು ಜೋರಾಗಿತ್ತೆಂದರೆ ಬೆಂಚಿನ ಮೇಲೆ ಮಲಗಿದ್ದವರೆಲ್ಲ ಎದ್ದು ಕೂತರು. ಆಮೇಲೆ ಬೆಳಗಿನ ಪಾಳಿ ಅವಳದೇ ಆಯಿತು. ಸಂಬಳ ಬಸ್ಸಿನದಕ್ಕಿಂತ ಕಡಿಮೆ. ಬಸ್ಸಿನ ಸ್ಟೀರಿಂಗ್ ಕೈಗೆ ಸಿಗುವುದಿಲ್ಲವೆಂಬ ಸಂಕಟವಂತೂ ಹೋಗಲಿಲ್ಲ.

ಇದರಿಂದ ತಮ್ಮನಿಗೂ ಧೈರ್ಯ ಬಂದು, ಶೈತ್ಯಾಗಾರಕ್ಕೆ ಹೋಗಿ ಬಾಗಿಲು ತಟ್ಟಿದ. ಇಲ್ಲ ಎಂದರು. ಮಳೆಗಾಲ ಮುಗಿದ ಮೇಲೆ ಮತ್ತೆ ಹೋದ. ಆಗಲೂ ಇಲ್ಲ. ಹಿಂದಾದರೆ ಎರಡು ದಿನ ಊಟ ಬಿಡುತ್ತಿದ್ದ. ಈಗ ಮನೆಗೆ ಬಂದು, “ಅಲ್ಲಿನ ಕಾವಲುಗಾರನಿಗೆ ನನ್ನ ಮುಖ ಗುರುತಾಗಿದೆ. ಟೀ ಕೊಟ್ಟ” ಎಂದು ಹೆಂಡತಿಗೆ ಹೇಳಿದ. ಆದರೂ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಯಾವ ಮಗ್ಗುಲಲ್ಲಿ ಎದ್ದನೆಂದು ಮಾತ್ರ ನೋಡಿಕೊಳ್ಳಲಿಲ್ಲ.

ಅಕ್ಕನ ಇನ್ನೊಂದು ಕಣ್ಣಿಗೂ ಅದೇ ಗತಿ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ವೈದ್ಯರು. ಆಗಾಗ ತೋರಿಸಬೇಕಿತ್ತು. ಅಂಥ ಒಂದು ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಇಬ್ಬರೂ ಕಾಯುತ್ತಿದ್ದರು. ಗೋಡೆಯಿಂದ ಗೋಡೆಗೆ ತಮ್ಮ ನಡೆಯುತ್ತಿದ್ದ. ಹಾಗೆ ನಡೆಯುತ್ತಲೇ, “ನಿನ್ನ ಕಣ್ಣು ಹೋಯ್ತು ಅಂದಾಗ ನನಗೆ ಒಂದು ಗಳಿಗೆ ಖುಷಿಯಾಗಿತ್ತು” ಎಂದುಬಿಟ್ಟ.

“ಗೊತ್ತು” ಎಂದಳು ಅಕ್ಕ. “ಇನ್ನೊಂದು ಕಣ್ಣು ಚೆನ್ನಾಗೇ ಇತ್ತಲ್ಲ, ನಿನ್ನ ಮುಖ ಕಾಣ್ತಿತ್ತು.”

ಅವನು ಒಮ್ಮೆ ನಿಂತು, ಮತ್ತೆ ನಡೆಯತೊಡಗಿದ.

“ಬಸ್ಸಿನ ಕೆಲಸ ಹೋದ ಮೇಲೆ ರಸ್ತೇಲಿ ಬಸ್ಸು ಓಡಿಸೋರನ್ನ ಕಂಡಾಗೆಲ್ಲ, ಇವರದ್ದೂ ಹೋಗಲಿ ಅಂತ ನನಗೂ ಅನ್ನಿಸ್ತಿತ್ತು” ಎಂದಳು. “ಬಾ, ಕೂತ್ಕೋ. ನೀನು ಹೀಗೆ ಓಡಾಡ್ತಿದ್ರೆ ನನಗೆ ತಲೆ ಸುತ್ತುತ್ತೆ.”

ಅವನು ಬಂದು ಪಕ್ಕದಲ್ಲಿ ಕೂತ. ಒಳಗಿಂದ ಕರೆ ಬಂದಾಗ ಅಕ್ಕ ಎದ್ದು, ಅವನ ಹೆಗಲ ಮೇಲೆ ಒಮ್ಮೆ ಕೈಯೂರಿ, ಬಾಗಿಲು ತಳ್ಳಿಕೊಂಡು ಹೋದಳು. ಆ ಸಲ ಕಣ್ಣು ಸರಿಯಾಗಿಯೇ ಇತ್ತು. ಮುಂದಿನ ಸಲಕ್ಕೆ ದಿನ ಗೊತ್ತುಮಾಡಿ ಕಳಿಸಿದರು.